ಆಪರೇಷನ್ ಯಾರಿಗೆ? ತಾಯಿ ಕಾರ್ಡ್ ಕೈಗೆ ಬಂದಾಗಲೇ ಕೇಳಬೇಕಾದ ಪ್ರಶ್ನೆ

ಬಂಗಾರಪೇಟೆಯಲ್ಲಾಗಲಿ ಕೆಜಿಎಫ್‌ನಲ್ಲಾಗಲಿ ಎರಡನೆಯ ಮಗು ಹುಟ್ಟಿದ ಮನೆಯಲ್ಲಿ 'ಆಪರೇಷನ್ ಆಯ್ತಾ?' ಎಂದು ಕೇಳಿದರೆ ಯಾವ ಆಪರೇಷನ್ ಎಂದು ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಯಾರಿಗೆ ಎಂದೂ ಕೇಳುವುದಿಲ್ಲ. ಅದು ಬಾಣಂತಿಗೇ ಎಂದು ಮೊದಲೇ ತೀರ್ಮಾನವಾಗಿರುತ್ತದೆ. 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ವಿವಾಹಿತ ಮಹಿಳೆಯರ ಪೈಕಿ ಶೇ. 57.4ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ದೇಶದ ಸರಾಸರಿ ಶೇ. 37.9. ಗಂಡಸರ ಪಾಲು ದೇಶದಲ್ಲಿ ಶೇ. 0.3 ಇದ್ದರೆ, ನಮ್ಮ ರಾಜ್ಯದಲ್ಲಿ ಸಾವಿರಕ್ಕೆ ಒಬ್ಬರ ಲೆಕ್ಕಕ್ಕೂ ಬರುವುದಿಲ್ಲ. ಎರಡು ದೇಹಗಳಲ್ಲಿ ಯಾವುದರ ಮೇಲೆ ಮಾಡಿದರೂ ಫಲ ಒಂದೇ ಆಗಿರುವ ಶಸ್ತ್ರಚಿಕಿತ್ಸೆ ಒಂದೇ ದೇಹದ ಮೇಲೆ ಹೀಗೆ ಬೀಳುತ್ತಿರುವುದು ವೈದ್ಯಕೀಯ ಕಾರಣಕ್ಕಲ್ಲ. ವೈದ್ಯಶಾಸ್ತ್ರವನ್ನು ಕೇಳಿದರೆ ಉತ್ತರ ಬೇರೆಯೇ ಬರುತ್ತದೆ. ಇನ್ನು ಮಕ್ಕಳು ಬೇಡ ಎಂದು ನಿಶ್ಚಯಿಸಿದ ದಂಪತಿ ಮೊದಲು ಗಂಡಸರ ಆಪರೇಷನ್ ಬಗ್ಗೆ ಯೋಚಿಸಬೇಕು, ಅದನ್ನು ಹೆರಿಗೆಗೆ ಎಷ್ಟೋ ವಾರ ಮುಂಚೆಯೇ ಯೋಚಿಸಬೇಕು ಎಂಬುದು ನನ್ನ ವಾದ. ಅದಕ್ಕೆ ಆಧಾರಗಳಿವೆ, ಎದುರು ಮಾತುಗಳೂ ಇವೆ.

ಮೊದಲು ಹೆಂಗಸರ ಆಪರೇಷನ್‌ನಲ್ಲಿ ಏನಾಗುತ್ತದೆ ಎಂದು ನೋಡೋಣ. ಗರ್ಭಕೋಶದ ಎರಡೂ ಪಕ್ಕದಲ್ಲಿ ಸುಮಾರು ಹತ್ತು ಸೆಂಟಿಮೀಟರ್ ಉದ್ದದ, ತೆಳ್ಳನೆಯ ಎರಡು ಅಂಡನಾಳಗಳಿವೆ. ಅಂಡಾಣುವೂ ವೀರ್ಯಾಣುವೂ ಸೇರುವುದು ಅಲ್ಲಿ. ಆ ದಾರಿಯನ್ನು ಮುಚ್ಚುವುದಷ್ಟೇ ಕೆಲಸ. ಗರ್ಭಕೋಶವನ್ನು ತೆಗೆಯುವುದಿಲ್ಲ, ಅಂಡಾಶಯವನ್ನು ಮುಟ್ಟುವುದಿಲ್ಲ, ಆದ್ದರಿಂದ ಮುಟ್ಟು ನಿಲ್ಲುವುದಿಲ್ಲ. ಹೆರಿಗೆಯಾದ ಏಳು ದಿನದೊಳಗೆ ಮಾಡುವುದಾದರೆ ಗರ್ಭಕೋಶ ಇನ್ನೂ ಹೊಕ್ಕುಳಿನ ಮಟ್ಟದಲ್ಲೇ ಇರುವುದರಿಂದ ಹೊಕ್ಕುಳಿನ ಕೆಳಗೆ ಮೂರರಿಂದ ಐದು ಸೆಂಟಿಮೀಟರ್ ಕೊಯ್ದು, ನಾಳವನ್ನು ಮೇಲೆತ್ತಿ, ಕುಣಿಕೆಯಂತೆ ಮಡಿಸಿ ಕಟ್ಟಿ, ನಡುವಿನ ತುಂಡನ್ನು ಕತ್ತರಿಸುತ್ತಾರೆ. ಆ ವಾರ ದಾಟಿದರೆ ಆರು ವಾರ ಕಾಯಬೇಕು. ಆಮೇಲೆ ಕಿಬ್ಬೊಟ್ಟೆಯ ಕೆಳಭಾಗದಲ್ಲಿ ಸಣ್ಣ ಕೊಯ್ತದಿಂದಲೋ ಲ್ಯಾಪರೋಸ್ಕೋಪ್‌ನಿಂದಲೋ ಮಾಡಬಹುದು. ಲ್ಯಾಪರೋಸ್ಕೋಪ್ ಎಂದರೆ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ, ಕೊಳವೆಯಲ್ಲಿ ನೋಡುತ್ತ ನಾಳಕ್ಕೆ ಪುಟ್ಟ ಸಿಲಿಕೋನ್ ಉಂಗುರ ಹಾಕುವುದು. ಎದ್ದ ಮೇಲೆ ಭುಜ ನೋಯುವುದು ಆ ಅನಿಲದಿಂದ, ಒಂದೆರಡು ದಿನದಲ್ಲಿ ಅದು ಹೋಗುತ್ತದೆ. ಹಗುರ ಕೆಲಸ ಎರಡು ದಿನದ ಮೇಲೆ, ಪೂರ್ತಿ ಕೆಲಸ ಎರಡು ವಾರದ ಹೊತ್ತಿಗೆ. ಇದು ಅಪಾಯಕಾರಿ ಆಪರೇಷನ್ ಎಂದು ಯಾರನ್ನೂ ಹೆದರಿಸುವುದು ತಪ್ಪು. ಆದರೂ ಇದು ಹೊಟ್ಟೆಯನ್ನು ತೆರೆಯುವ ಆಪರೇಷನ್. ಅರಿವಳಿಕೆ ಬೇಕು, ಹತ್ತಿರದಲ್ಲೇ ಕರುಳು, ಮೂತ್ರಕೋಶ, ರಕ್ತನಾಳಗಳಿವೆ. ಇದೇ ಸಮೀಕ್ಷೆಯ ಪ್ರಕಾರ ರಾಜ್ಯದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದೆ ಎಂಬುದನ್ನೂ ಜೊತೆಗಿಟ್ಟು ನೋಡಬೇಕು. ಆಪರೇಷನ್‌ಗೆ ಮುಂಚೆ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಕೇಳಿ ತಿಳಿದುಕೊಳ್ಳಿ. ಏಳು ಗ್ರಾಂಗಿಂತ ಕಡಿಮೆಯಿದ್ದರೆ ಮಾಡಬಾರದು ಎಂದು ಸರ್ಕಾರದ ಮಾನದಂಡವೇ ಹೇಳುತ್ತದೆ.

ಈಗ ಗಂಡಸರದು. ವೃಷಣ ಚೀಲದ ಮೇಲ್ಭಾಗವನ್ನು ಬೆರಳಲ್ಲಿ ಒತ್ತಿ ನೋಡಿದರೆ ಎರಡೂ ಕಡೆ ಗಟ್ಟಿ ದಾರದಂತೆ ಸಿಗುವುದೇ ವೀರ್ಯನಾಳ. ಅದು ಹೊಟ್ಟೆಯೊಳಗಿಲ್ಲ, ಚರ್ಮದ ಕೆಳಗೇ ಇದೆ. ಗಂಡಸರ ಆಪರೇಷನ್ ಹಗುರವಾಗಿರುವುದಕ್ಕೆ ಇದೊಂದೇ ಕಾರಣ ಸಾಕು. ಚೀನಾದ ವೈದ್ಯ ಲಿ ಶುನ್‌ಚಿಯಾಂಗ್ 1974ರಲ್ಲಿ ರೂಪಿಸಿದ, ಕತ್ತಿ ಬಳಸದ ವಿಧಾನವೇ ಈಗ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ನಡೆಯುವುದು. ಆಸ್ಪತ್ರೆಯವರು ಅದನ್ನು ಎನ್‌ಎಸ್‌ವಿ ಎನ್ನುತ್ತಾರೆ. ಆ ಜಾಗವನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಮೊನಚಾದ ಚಿಮಟದಿಂದ ಒಂದು ಸಣ್ಣ ರಂಧ್ರ ಮಾಡಿ, ಒಂದೊಂದೇ ನಾಳವನ್ನು ಹೊರಗೆಳೆದು ಕತ್ತರಿಸಿ ಕಟ್ಟಿ ಒಳಗೆ ಬಿಡುತ್ತಾರೆ. ಹೊಲಿಗೆ ಬೇಡ. ಹತ್ತಿಪ್ಪತ್ತು ನಿಮಿಷದ ಕೆಲಸ, ಸ್ವಲ್ಪ ಹೊತ್ತು ಕೂತಿದ್ದು ಮನೆಗೆ ಹೋಗಬಹುದು. ಎರಡು ದಿನ ವಿಶ್ರಾಂತಿ, ಬಿಗಿಯಾದ ಒಳಚಡ್ಡಿ ಅಥವಾ ಲಂಗೋಟಿಯ ಆಸರೆ, ಭಾರ ಹೊರುವುದು ಮತ್ತು ಸೈಕಲ್ ತುಳಿಯುವುದು ಒಂದು ವಾರ ಬೇಡ. ನೂರಕ್ಕೆ ಒಬ್ಬಿಬ್ಬರಿಗೆ ನೋವು ಬಹುಕಾಲ ಉಳಿಯುವುದುಂಟು. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅಳತೆ ಮಾಡಿ ನೋಡಿದರೆ ಎರಡರಲ್ಲಿ ಸಣ್ಣದು, ಸುರಕ್ಷಿತವಾದದ್ದು, ಬೇಗ ಚೇತರಿಸಿಕೊಳ್ಳುವಂಥದ್ದು ಗಂಡಸರದೇ.

ಹಾಗಿದ್ದರೆ ಗಂಡಸರು ಈ ಪಟ್ಟಿಯಿಂದ ಮಾಯವಾದದ್ದು ಹೇಗೆ? ಮೊದಲಿನಿಂದ ಹೀಗಿರಲಿಲ್ಲ. ಕೋಲಾರ ಜಿಲ್ಲೆ ಸೇರಿದ್ದ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹಾ ಕ್ಲಿನಿಕ್ ತೆರೆಯಲು ಆದೇಶಿಸಿತ್ತು. 1952ರಲ್ಲಿ ರಾಷ್ಟ್ರೀಯ ಕುಟುಂಬ ಯೋಜನೆ ಶುರುವಾಯಿತು. ಎಪ್ಪತ್ತರ ದಶಕದ ನಡುವಿನವರೆಗೂ ಆಪರೇಷನ್ ಮಾಡಿಸಿಕೊಂಡವರಲ್ಲಿ ಗಂಡಸರೇ ಹೆಚ್ಚು. ತುರ್ತುಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 82 ಲಕ್ಷ ಆಪರೇಷನ್‌ಗಳಾದವು, ಅದರಲ್ಲಿ ಮುಕ್ಕಾಲು ಪಾಲು ಗಂಡಸರದು. ಗುರಿ ಮುಟ್ಟಿಸಲು ಒತ್ತಾಯ, ಬೆದರಿಕೆ, ಸಂಬಳ ತಡೆಯುವುದು ಎಲ್ಲವೂ ನಡೆದವು. ಜನ ರೊಚ್ಚಿಗೆದ್ದರು, 1977ರ ಚುನಾವಣೆಯಲ್ಲಿ ಸರ್ಕಾರವೇ ಬಿತ್ತು. ಅಲ್ಲಿಂದಾಚೆಗೆ ಯಾವ ಸರ್ಕಾರವೂ ಗಂಡಸರ ತಂಟೆಗೆ ಹೋಗುವ ಧೈರ್ಯ ಮಾಡಲಿಲ್ಲ. ಕಾರ್ಯಕ್ರಮ ಪೂರ್ತಿಯಾಗಿ ಹೆಂಗಸರ ಕಡೆ ತಿರುಗಿತು. ಅಂದರೆ ಇವತ್ತು ನಮ್ಮ ವಾರ್ಡುಗಳಲ್ಲಿ ಕಾಣುವ ಪದ್ಧತಿ ಒಂದು ರಾಜಕೀಯ ಭಯದ ಶೇಷ. ಅರ್ಧ ಶತಮಾನ ಕಳೆದರೂ ಅದರ ಬೆಲೆಯನ್ನು ಬಾಣಂತಿಯರು ತೆರುತ್ತಿದ್ದಾರೆ.

'ಗಂಡಸು ದುಡಿಯಬೇಕಾದವನು, ಅವನು ನಿಶ್ಶಕ್ತನಾದರೆ ಮನೆ ನಡೆಯುವುದು ಹೇಗೆ' ಎಂಬುದು ಈ ಭಾಗದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಅದನ್ನು ಹಗುರವಾಗಿ ತಳ್ಳಿಹಾಕಬಾರದು. 1880ರಿಂದ 2001ರ ಫೆಬ್ರವರಿ 28ರವರೆಗೆ ಕೆಜಿಎಫ್ ಬದುಕಿದ್ದು ಚಿನ್ನದ ಗಣಿಯೊಳಗೆ ಇಳಿದವರ ಮೈಕಟ್ಟಿನ ಬಲದಿಂದ. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿ ದುಡಿದವರ ಮಕ್ಕಳು ಇಲ್ಲಿನ ಗಂಡಸರು. ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂನಿಂದ, ಬಂಗಾರಪೇಟೆಯಿಂದ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ಸಾವಿರಾರು ಜನಕ್ಕೆ ಒಂದು ದಿನದ ಕೂಲಿ ತಪ್ಪಿದರೂ ಲೆಕ್ಕ ಏರುಪೇರಾಗುತ್ತದೆ. ಆದರೆ ದೇಹದ ಲೆಕ್ಕ ಹೀಗಿದೆ: ಗಂಡಸಿನ ಬಲಕ್ಕೂ ಲೈಂಗಿಕ ಆಸಕ್ತಿಗೂ ಕಾರಣವಾದ ಹಾರ್ಮೋನು ವೃಷಣದಿಂದ ನೇರ ರಕ್ತಕ್ಕೆ ಸೇರುತ್ತದೆ. ಕತ್ತರಿಸಿದ ನಾಳದಲ್ಲಿ ಅದು ಹರಿಯುವುದೇ ಇಲ್ಲ. ವೀರ್ಯದ ಬಹುಪಾಲು ತಯಾರಾಗುವುದು ಇನ್ನೂ ಮೇಲಿನ ಗ್ರಂಥಿಗಳಲ್ಲಿ, ವೀರ್ಯಾಣುಗಳ ಪಾಲು ನೂರಕ್ಕೆ ಐದಕ್ಕಿಂತ ಕಡಿಮೆ. ಆದ್ದರಿಂದ ಸ್ಖಲನವೂ ಮೊದಲಿನಂತೆಯೇ ಇರುತ್ತದೆ. ಇನ್ನು ಕೂಲಿಯ ಲೆಕ್ಕ. ಶನಿವಾರ ಮಾಡಿಸಿಕೊಂಡವರು ಸೋಮವಾರ ಕೂತು ಮಾಡುವ ಕೆಲಸಕ್ಕೆ ಹೋಗಬಹುದು. ಲೋಡಿಂಗ್, ಗಾರೆ ಕೆಲಸದವರು ಒಂದು ವಾರ ಬಿಡಬೇಕು. ಕೂಲಿ ನಷ್ಟಕ್ಕೆಂದು ಸರ್ಕಾರ ಕೊಡುವ ಪರಿಹಾರ ಧನವೂ ಹೆಂಗಸರಿಗಿಂತ ಗಂಡಸರಿಗೆ ಹೆಚ್ಚಿದೆ. ಹಾಗೂ 'ದುಡಿಯುವವನು' ಎಂಬ ಮಾತಿನಲ್ಲೇ ಒಂದು ತಪ್ಪಿದೆ. ಅದೇ ರೈಲಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರಿದ್ದಾರೆ. ಮನೆಯಲ್ಲಿರುವವಳೂ ಟ್ಯಾಂಕರ್ ಬಂದಾಗ ಬಿಂದಿಗೆ ಹೊರುವವಳೇ. ಹಾಲೂಡಿಸುತ್ತ, ಹೊಟ್ಟೆಯ ಹೊಲಿಗೆಯೊಂದಿಗೆ ಅವಳು ಕಳೆಯುವ ಆ ಎರಡು ವಾರಕ್ಕೆ ಯಾರೂ ಕೂಲಿ ಕಟ್ಟಿಲ್ಲ ಎಂಬುದಷ್ಟೇ ವ್ಯತ್ಯಾಸ.

ಇನ್ನೊಂದು ಆಕ್ಷೇಪವನ್ನು ಜನ ಬಾಯಿಬಿಟ್ಟು ಹೇಳುವುದಿಲ್ಲ. ಗಂಡನಿಗೆ ಆಪರೇಷನ್ ಆಗಿ, ಆಮೇಲೆ ಹೆಂಡತಿ ಬಸುರಾದರೆ? ಬೀದಿಯ ಮಾತು ಅವಳ ನಡತೆಯ ಮೇಲೆ ಬೀಳುತ್ತದೆ. ಈ ಭಯದಿಂದಲೇ 'ನಾನೇ ಮಾಡಿಸಿಕೊಂಡುಬಿಡುತ್ತೇನೆ' ಎನ್ನುವ ಹೆಂಗಸರಿದ್ದಾರೆ, ಅವರ ಭಯ ನಿಜವಾದದ್ದು. ಉತ್ತರ ಇರುವುದು ಒಂದು ಸಣ್ಣ ಪರೀಕ್ಷೆಯಲ್ಲಿ. ಆಪರೇಷನ್ ದಿನ ನಾಳದ ಮುಂದಿನ ಭಾಗದಲ್ಲಿ ಉಳಿದುಕೊಂಡ ವೀರ್ಯಾಣುಗಳು ಪೂರ್ತಿ ಖಾಲಿಯಾಗಲು ಮೂರು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ನಿರೋಧ್ ಅಥವಾ ಬೇರೆ ವಿಧಾನ ಬಿಡುವಂತಿಲ್ಲ. ಬಹುತೇಕ 'ಫೇಲ್' ಕಥೆಗಳು ಹುಟ್ಟುವುದು ಈ ಮೂರು ತಿಂಗಳಲ್ಲೇ. ಮೂರು ತಿಂಗಳಾದ ಮೇಲೆ ಒಂದು ಡಬ್ಬಿಯಲ್ಲಿ ವೀರ್ಯ ಕೊಟ್ಟು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಬೇಕು. ವೀರ್ಯಾಣು ಸೊನ್ನೆ ಎಂದು ಬಂದ ನಂತರವೇ ಪ್ರಮಾಣಪತ್ರ ಸಿಗುತ್ತದೆ. ಆಮೇಲೆ ವಿಫಲವಾಗುವ ಸಂಭವ ಸುಮಾರು ಎರಡು ಸಾವಿರಕ್ಕೆ ಒಂದು. ಸೊನ್ನೆಯಾಗಿಲ್ಲ ಎಂದು ಬಂದರೆ ಸ್ವಲ್ಪ ದಿನ ಬಿಟ್ಟು ಮತ್ತೆ ಪರೀಕ್ಷೆ. ಹೆಂಗಸರ ಆಪರೇಷನ್‌ಗೆ ಇಂಥ ಸುಲಭವಾದ ಖಾತರಿಯೇ ಇಲ್ಲ, ಗಮನಿಸಿ. ಆ ರಿಪೋರ್ಟಿನ ಕಾಗದ ಗಂಡನಿಗಿಂತ ಹೆಂಡತಿಗೆ ದೊಡ್ಡ ರಕ್ಷಣೆ. ಪರೀಕ್ಷೆಗೆ ಹೋಗಲು ನಾಚಿ ಅರ್ಧಕ್ಕೇ ಬಿಡುವ ಗಂಡಸು ತನ್ನ ಹೆಂಡತಿಯನ್ನು ಅಪವಾದಕ್ಕೆ ಒಡ್ಡುತ್ತಾನೆ ಎಂದು ಹೇಳದೆ ವಿಧಿಯಿಲ್ಲ.

'ಹೆರಿಗೆಗೆ ಹೇಗೂ ಆಸ್ಪತ್ರೆಯಲ್ಲಿರುತ್ತಾಳೆ, ಜೊತೆಗೇ ಮುಗಿದುಹೋಗಲಿ' ಎಂಬ ಮಾತಿನಲ್ಲಿ ಹುರುಳಿದೆ ಎಂದು ಒಪ್ಪಲೇಬೇಕು. ಸಿಸೇರಿಯನ್ ಆಗುತ್ತಿದ್ದರೆ ಹೊಟ್ಟೆ ಹೇಗೂ ತೆರೆದಿರುತ್ತದೆ, ನಾಳ ಕಟ್ಟಲು ಇನ್ನು ಕೆಲವೇ ನಿಮಿಷ. ಅಂಥವರ ವಿಷಯದಲ್ಲಿ ಗಂಡಸರದೇ ಮೇಲು ಎಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಅನುಕೂಲ ಒಂದು, ತೀರ್ಮಾನ ಇನ್ನೊಂದು. ನಮ್ಮಲ್ಲಿ ಹೆರಿಗೆಗೆ ತವರಿಗೆ ಹೋಗುವುದು ರೂಢಿ. ಗಡಿ ಜಿಲ್ಲೆಯಾದ್ದರಿಂದ ಆ ತವರು ಕುಪ್ಪಂ ಕಡೆಯೋ ಕೃಷ್ಣಗಿರಿ ಕಡೆಯೋ ಇರಬಹುದು. ನೋವು ಶುರುವಾದ ಹೊತ್ತಿನಲ್ಲಿ ಪಕ್ಕದಲ್ಲಿರುವುದು ತಾಯಿ ಅಥವಾ ಅತ್ತಿಗೆ, ಗಂಡ ಕೆಲಸದಲ್ಲಿ. ಆಗ ಕಾಗದ ಮುಂದಿಟ್ಟರೆ 'ಯಾರಿಗೆ' ಎಂಬ ಪ್ರಶ್ನೆ ಏಳುವುದಾದರೂ ಹೇಗೆ? ಪ್ರಸವದ ನೋವಿನಲ್ಲೋ ಅರಿವಳಿಕೆಯ ಮಂಪರಿನಲ್ಲೋ ಇರುವವಳಿಂದ ಸಹಿ ಪಡೆಯಬಾರದು ಎಂಬುದು ನಿಯಮವೂ ಹೌದು. ವಯಸ್ಸಿನ ವಿಚಾರ ಇದಕ್ಕಿಂತ ಗಂಭೀರ. ನಮ್ಮ ದೇಶದಲ್ಲಿ ಆಪರೇಷನ್ ಆದ ಹೆಂಗಸರಲ್ಲಿ ಅರ್ಧದಷ್ಟು ಮಂದಿ 26 ತುಂಬುವ ಮೊದಲೇ ಮಾಡಿಸಿಕೊಂಡವರು. ಅಮೆರಿಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಕ್ರೆಸ್ಟ್ ಎಂಬ ಅಧ್ಯಯನವಿದೆ. 30 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಮಾಡಿಸಿಕೊಂಡವರಲ್ಲಿ 14 ವರ್ಷದೊಳಗೆ ಪಶ್ಚಾತ್ತಾಪ ಪಟ್ಟವರು ಶೇ. 20.3, ಅದಕ್ಕಿಂತ ದೊಡ್ಡವರಲ್ಲಿ ಶೇ. 5.9 ಎಂದು ಅದು 1999ರಲ್ಲಿ ತಿಳಿಸಿತು. ಅಲ್ಲಿಯ ಸಂಸಾರ ಬೇರೆ, ಇಲ್ಲಿಯದು ಬೇರೆ ಎಂದು ಹೇಳಬಹುದು. ಆದರೆ ಮಗು ತೀರಿಕೊಳ್ಳುವುದು, ದಾಂಪತ್ಯ ಮುರಿಯುವುದು, ಮರುಮದುವೆ ಇವು ಯಾವ ಊರಿಗೂ ಹೊರತಲ್ಲ. ನಾಳವನ್ನು ಮತ್ತೆ ಜೋಡಿಸುವ ಶಸ್ತ್ರಚಿಕಿತ್ಸೆ ಇದೆ, ಫಲಿಸುತ್ತದೆ ಎಂಬ ಭರವಸೆ ಇಲ್ಲ. ಈ ಮಾತು ಗಂಡಸರಿಗೂ ಅಷ್ಟೇ ಅನ್ವಯ. ಆದ್ದರಿಂದ ಇಪ್ಪತ್ತರ ಹರೆಯದ ದಂಪತಿಗೆ ನನ್ನ ಸಲಹೆ, ಇಬ್ಬರೂ ಸದ್ಯಕ್ಕೆ ಆಪರೇಷನ್ ಬಿಟ್ಟು ಯೋಚಿಸಿ ಎಂಬುದೇ. ಹೆರಿಗೆಯಾದ 48 ಗಂಟೆಯೊಳಗೆ ಹಾಕಿಸಿಕೊಳ್ಳಬಹುದಾದ ಕಾಪರ್-ಟಿ 380ಎ ಹತ್ತು ವರ್ಷ ಕೆಲಸ ಮಾಡುತ್ತದೆ, ಬೇಡವೆಂದಾಗ ತೆಗೆಸಬಹುದು. ಮೂರು ತಿಂಗಳಿಗೊಮ್ಮೆಯ 'ಅಂತರಾ' ಇಂಜೆಕ್ಷನ್, 'ಛಾಯಾ' ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ನಿಯಮಗಳನ್ನೂ ತಿಳಿದಿರಬೇಕು. ಮದುವೆಯಾಗಿರಬೇಕು, ಹೆಂಗಸಿಗೆ 22ಕ್ಕೆ ಮೇಲೆ 49ರೊಳಗೆ, ಗಂಡಸಿಗೆ 60ರೊಳಗೆ ವಯಸ್ಸಿರಬೇಕು, ಒಂದು ವರ್ಷ ದಾಟಿದ ಒಂದು ಮಗುವಾದರೂ ಇರಬೇಕು. ಮಾಡಿಸಿಕೊಳ್ಳುವವರ ಸಹಿ ಸಾಕು, ಗಂಡನದೋ ಹೆಂಡತಿಯದೋ ಒಪ್ಪಿಗೆ ಸಹಿ ಬೇಕಿಲ್ಲ. ಇಬ್ಬರೂ ಕೂತು ಮಾತಾಡಿ ಎಂದು ನಾನು ಹೇಳುವುದು ಒಳ್ಳೆಯ ತೀರ್ಮಾನಕ್ಕಾಗಿ. ಒಬ್ಬರ ದೇಹಕ್ಕೆ ಇನ್ನೊಬ್ಬರ ಅಪ್ಪಣೆ ಬೇಕೆಂದಲ್ಲ. ಸಹಿ ಹಾಕುವ ನಮೂನೆಯನ್ನು ಓದಿಸಿ ಕೇಳಿ. ಇದು ಶಾಶ್ವತವೆಂದು ಗೊತ್ತಿದೆ, ಬೇರೆ ವಿಧಾನಗಳ ಬಗ್ಗೆ ತಿಳಿಸಿದ್ದಾರೆ, ಯಾರ ಒತ್ತಾಯವೂ ಇಲ್ಲ, ಅಪರೂಪಕ್ಕೆ ವಿಫಲವಾಗಬಹುದು ಎಂದೆಲ್ಲ ಅದರಲ್ಲಿ ನಿಮ್ಮ ಬಾಯಲ್ಲೇ ಹೇಳಿಸಿರುತ್ತಾರೆ. ತಿಳಿಸದೇ ಇದ್ದದ್ದನ್ನು ತಿಳಿಸಿದ್ದಾರೆ ಎಂದು ಸಹಿ ಹಾಕಬೇಡಿ. ಊರೂರಿಗೆ ಗುರಿ ಹಂಚುವ ಪದ್ಧತಿಯನ್ನು ಕೇಂದ್ರ 1996ರಲ್ಲೇ ಕೈಬಿಟ್ಟಿದೆ. ಆಪರೇಷನ್‌ಗೆ ಒಪ್ಪದಿದ್ದರೆ ಹೆರಿಗೆ ಮಾಡಿಸುವುದಿಲ್ಲ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಅವಸರದ ಬೆಲೆ ಏನೆಂದು 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸ್‌ಪುರ ಜಿಲ್ಲೆ ತೋರಿಸಿತು. ಒಂದು ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಆ ದಿನಗಳ ಶಿಬಿರಗಳಲ್ಲಿ ಆಪರೇಷನ್‌ಗೆ ಒಳಗಾದವರ ಪೈಕಿ 13 ಮಂದಿ ಸತ್ತರು. ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್ 14ರಂದು ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಹೇಳಿತು. ಆದ್ದರಿಂದ ಶಿಬಿರದ ಸಾಲಿಗಿಂತ ಆಸ್ಪತ್ರೆಯ ನಿಗದಿತ ದಿನವನ್ನೇ ಆರಿಸಿಕೊಳ್ಳಿ.

ಈಗಾಗಲೇ ಆಪರೇಷನ್ ಆಗಿರುವ ಲಕ್ಷಾಂತರ ಹೆಂಗಸರು ಒಂದು ಸಂಗತಿಯನ್ನು ಮರೆಯಬಾರದು. ಅದೇ ಕ್ರೆಸ್ಟ್ ಅಧ್ಯಯನ 1996ರಲ್ಲಿ ಕಂಡುಕೊಂಡಂತೆ ಹತ್ತು ವರ್ಷದಲ್ಲಿ ಸಾವಿರಕ್ಕೆ ಸುಮಾರು 18 ಮಂದಿ ಮತ್ತೆ ಗರ್ಭ ಧರಿಸುತ್ತಾರೆ, ಹಾಗೆ ನಿಂತ ಗರ್ಭಗಳಲ್ಲಿ ಮೂರರಲ್ಲೊಂದು ಗರ್ಭಕೋಶದ ಹೊರಗೆ, ಹೆಚ್ಚಾಗಿ ನಾಳದಲ್ಲೇ ಬೆಳೆಯುತ್ತದೆ. ಅದು ಒಡೆದರೆ ಪ್ರಾಣಕ್ಕೇ ಅಪಾಯ. ಆಪರೇಷನ್ ಆಗಿದೆಯಲ್ಲ ಎಂದು ಮುಟ್ಟು ತಪ್ಪಿದ್ದನ್ನು ತಿಂಗಳುಗಟ್ಟಲೆ ಲೆಕ್ಕಿಸದೆ ಇರಬೇಡಿ. ಎರಡು ವಾರದೊಳಗೆ ಆಸ್ಪತ್ರೆಗೆ ತಿಳಿಸಿ. ಗರ್ಭ ಬೇಡವಾದರೆ ಉಚಿತವಾಗಿ ತೆಗೆಸಿಕೊಳ್ಳುವ ಅವಕಾಶ ಒಪ್ಪಿಗೆ ಪತ್ರದಲ್ಲೇ ಇದೆ. ಹೊಟ್ಟೆಯ ಒಂದು ಪಕ್ಕ ತೀವ್ರ ನೋವು, ತಲೆಸುತ್ತು ಬಂದರೆ ಮಾತ್ರೆ ನುಂಗಿ ಮಲಗದೆ ನೇರ ಆಸ್ಪತ್ರೆಗೆ ಹೋಗಿ, 'ನನಗೆ ಆಪರೇಷನ್ ಆಗಿದೆ, ಮುಟ್ಟು ತಪ್ಪಿದೆ' ಎರಡನ್ನೂ ಹೇಳಿ. ವಿಫಲವಾದ ಮಾತ್ರಕ್ಕೆ ವೈದ್ಯರ ತಪ್ಪು ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 2005ರ ಶಿವರಾಂ ಪ್ರಕರಣದಲ್ಲಿ ಹೇಳಿದೆ. ಒಂದೇ ನಾಳ ಕಟ್ಟಿ ಕಳಿಸಿದ ಹರಿಯಾಣದ ಸಂತ್ರಾ ಪ್ರಕರಣದಲ್ಲಿ 2000ದಲ್ಲಿ ಪರಿಹಾರ ಕೊಡಿಸಿಯೂ ಇದೆ. ನಿರ್ಲಕ್ಷ್ಯ ಇರಲಿ ಬಿಡಲಿ, ಸಾವು, ವಿಫಲತೆ, ತೊಡಕುಗಳಿಗೆ ಸರ್ಕಾರದ ಕುಟುಂಬ ಯೋಜನೆ ಪರಿಹಾರ ಯೋಜನೆ ಇದೆ, ಅರ್ಜಿಗೆ 90 ದಿನಗಳ ಗಡುವು. ಅದಕ್ಕೆ ಬೇಕಾದ ಮೊದಲ ಕಾಗದ ಆಪರೇಷನ್ ಪ್ರಮಾಣಪತ್ರ. ಹೆಂಗಸರಿಗೆ ಅದು ಒಂದು ತಿಂಗಳ ಮೇಲೆ, ಮುಟ್ಟು ಬಂದ ನಂತರ ಸಿಗುತ್ತದೆ. ಗಡಿಯಾಚೆಯ ತವರಿನಲ್ಲಿ ಮಾಡಿಸಿದವರು ಅದನ್ನು ತರದೆ ಬಂದರೆ ಆಮೇಲೆ ಅಲೆದಾಟ ತಪ್ಪುವುದಿಲ್ಲ.

ಬಂಗಾರಪೇಟೆಯ ತಾಲ್ಲೂಕು ಆಸ್ಪತ್ರೆಯಲ್ಲಿ, ರಾಬರ್ಟ್‌ಸನ್‌ಪೇಟೆಯ ಸಾರ್ವಜನಿಕ ಆಸ್ಪತ್ರೆಯಲ್ಲಿ ಅಥವಾ ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: 'ಎನ್‌ಎಸ್‌ವಿ ಮಾಡುವ ಡಾಕ್ಟರು ಯಾವ ದಿನ ಇರುತ್ತಾರೆ?' ಅಲ್ಲಿಲ್ಲ ಎಂದರೆ ಎಲ್ಲಿದ್ದಾರೆ ಎಂದು ಕೇಳಿ, ಆಶಾ ಕಾರ್ಯಕರ್ತೆಯ ಮೂಲಕವೂ ವಿಚಾರಿಸಿ. ಪ್ರತಿವರ್ಷ ನವೆಂಬರಿನಲ್ಲಿ ಇದಕ್ಕೆಂದೇ ಪಾಕ್ಷಿಕ ಕಾರ್ಯಕ್ರಮ ನಡೆಯುತ್ತದೆ. ಕೇಳುವ ಗಂಡಸರೇ ಇಲ್ಲವೆಂದು ಆಸ್ಪತ್ರೆಗಳು, ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲವೆಂದು ಗಂಡಸರು ಸುಮ್ಮನಿದ್ದರೆ ಸಮೀಕ್ಷೆಯ ಆ ಅಂಕಿ ಕದಲುವುದಿಲ್ಲ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಡಾಕ್ಟರರಿಂದ ಉಚಿತ ತಪಾಸಣೆ ಇರುತ್ತದೆ. ಎರಡನೆಯ ಮಗುವಿನ ತಾಯಿ ಕಾರ್ಡ್ ಹಿಡಿದು ಹೋಗುವ ತಾಯಂದಿರೇ, ಈ ಸಲದ 9ಕ್ಕೆ ಗಂಡನನ್ನೂ ಜೊತೆಗೆ ಕರೆದುಕೊಂಡು ಹೋಗಿ.